ಕುದ್ಮುಲ್ ರಂಗರಾಯರ ಚರಿತ್ರೆ

ಲೋಕಕ್ಕೆ ಒಳ್ಳೇದನ್ನು ಮಾಡಿ ತೀರಿಹೋದವರ ಚರಿತ್ರೆಯನ್ನು ಓದುವದರಲ್ಲಿ ಎರಡು ಪ್ರಯೋಜನಗಳುಂಟು. ಅವರು ಯಾವ ಕಷ್ಟಗಳನ್ನು ದಾಟಿದರೆಂಬದು ತಿಳಿದು ನಮ್ಮ ಎದೆಗುಂದುವಿಕೆಯು ಕಡಿಮೆಯಾಗುವದು ಒಂದು. ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ ಯಾವದೆಂದು ಕಂಡು ನಮ್ಮ ಕೈಗೆ ಬಂದ ಪಾಲನ್ನು ಅರಿತುಕೊಳ್ಳುವದು ಇನ್ನೊಂದು. ಈ ತಿಂಗಳು ನಾವು ವಾಚಕರ ಮುಂದೆ ಇಡುವದು ನಮ್ಮ ಸಭೆಗಳಿಗೆ ಸೇರಿದವರಲ್ಲದ ಒಬ್ಬ ಮಹನೀಯರ ಚರಿತ್ರೆ. ಅವರು ಕ್ರೈಸ್ತರಲ್ಲ, ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಬ್ರಹ್ಮಸಮಾಜವನ್ನು ಸೇರಿದವರು. ಆದರೂ ಗಾಯಗೊಂಡು ದಾರಿಯಲ್ಲಿ ಬಿದ್ದಿದ್ದವನ ಬಳಿಗೆ ಬಂದು ಅವನನ್ನು ಎತ್ತಿದವನು ಪರಕುಲದ ಸಮಾರ್ಯನೆಂಬದನ್ನು ಬಲ್ಲ ನಮ್ಮ ವಾಚಕರಿಗೆ, ಉಪಕಾರವು ಯಾವ ದಿಕ್ಕಿನಿಂದ ಬಂದರೂ ಅದನ್ನು ಗುರುತಿಸಿ ಗೌರವಿಸುವದು ಕಷ್ಟವಾಗಲಾರದು. ಇವರೇ ಮಂಗಳೂರಿನ ಕುದ್ಮುಲ್ ರಂಗರಾಯರು.

ರಂಗರಾಯರು 1859ನೆಯ ಇಸವಿ ಜೂನ್ ತಿಂಗಳ 29ನೆಯ ತಾರೀಖಿನಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಆ ಊರು 1956ರಿಂದ ಕೇರಳ ರಾಜ್ಯಕ್ಕೆ ಸೇರಿದೆ; ಆ ಕಾಲದಲ್ಲಿ ಅದು ಮದ್ರಾಸು ಸರಕಾರದ ಕನ್ನಡ ಜಿಲ್ಲೆಯೊಳಗಿತ್ತು. ತಂದೆಯ ಹೆಸರು ದೇವಪ್ಪಯ್ಯ, ತಾಯಿಯ ಹೆಸರು ಗೌರಿ. ಮನೆತನವು ಸಾರಸ್ವತ ಬ್ರಾಹ್ಮಣರದು. ಕುದ್ಮುಲ್ ಎಂಬದು ಪುತ್ತೂರು ಸೀಮೆಯ ಊರಿನಿಂದ ಬಂದ ಮನೆತನದ ಹೆಸರು. ಹುಡುಗನಿಗೆ ಸುಮಾರು ಹದಿನಾರು ವರುಷವಾಗಿರುವಾಗಲೇ ತಂದೆಯು ತೀರಿಹೋದನು. ಆಸ್ತಿವಂತರ ಮನೆಯಲ್ಲದ ಕಾರಣ ಸಂಸಾರದ ಭಾರವು ಆ ಎಳೆಯ ಹೆಗಲಿನ ಮೇಲೆ ಬಿತ್ತು. ಕೆಲಸವನ್ನು ಹುಡುಕುತ್ತಾ ಅವರು ಮಂಗಳೂರಿಗೆ ಬಂದು ಮೊದಲು ಉಪಾಧ್ಯಾಯರಾದರು. ಸಂಬಳವು ಸ್ವಲ್ಪ, ಆಸೆಯು ದೊಡ್ಡದು. ಹಗಲು ಮಕ್ಕಳಿಗೆ ಪಾಠ ಹೇಳುತ್ತಾ, ಉಳಿದ ವೇಳೆಯಲ್ಲಿ ತಾವೇ ಓದಿ ಪರೀಕ್ಷೆಗಳನ್ನು ಕೊಟ್ಟು, ಕಡೆಗೆ ವಕೀಲರಾಗಿ ಮಂಗಳೂರಿನ ಕೋರ್ಟಿನಲ್ಲಿ ನಿಂತರು. ಬಡವರ ವ್ಯಾಜ್ಯವನ್ನು ತೆಗೆದುಕೊಳ್ಳುವ ವಕೀಲರೆಂದು ಅವರಿಗೆ ಬೇಗನೆ ಹೆಸರು ಬಂತು.

ಮಂಗಳೂರು ಆಗ ಹೊಸ ವಿಚಾರಗಳಿಗೆ ಬಾಗಿಲಾಗಿತ್ತು. 1834ರಲ್ಲಿ ಬಾಸೆಲ್ ಮಿಶನಿನವರು ಅಲ್ಲಿ ಬಂದಿಳಿದು ಶಾಲೆಗಳನ್ನೂ ಅಚ್ಚುಕೂಟವನ್ನೂ ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳನ್ನೂ ನಡಿಸಿದ್ದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರು ಅಲ್ಲಿ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಬಂಗಾಳದಲ್ಲಿ ರಾಜಾ ರಾಮಮೋಹನರಾಯರು 1828ರಲ್ಲಿ ಪ್ರಾರಂಭಿಸಿದ್ದ ಈ ಸಮಾಜವು ಒಬ್ಬನೇ ದೇವರನ್ನು ಆರಾಧಿಸಬೇಕೆಂದೂ ಜಾತಿಭೇದವು ಮನುಷ್ಯರ ಕಲ್ಪನೆಯೆಂದೂ ಬೋಧಿಸುತ್ತಿತ್ತು. ರಂಗರಾಯರು ರಘುನಾಥಯ್ಯನವರ ಸಹವಾಸಕ್ಕೆ ಬಂದು ಆ ಸಮಾಜದ ಸದಸ್ಯರಾದರು. ಜಾತಿಭೇದವು ತಪ್ಪೆಂದು ಸಭೆಯಲ್ಲಿ ಕೂತು ಒಪ್ಪುವವರು ಆಗಲೂ ಅನೇಕರಿದ್ದರು, ಈಗಲೂ ಇದ್ದಾರೆ. ಸಭೆಯಿಂದ ಎದ್ದು ಹೊರಗೆ ಬಂದ ಮೇಲೆ ಅದರಂತೆ ನಡೆಯುವವರು ಸ್ವಲ್ಪವೇ ಜನ. ರಂಗರಾಯರು ಆ ಸ್ವಲ್ಪ ಜನರಲ್ಲಿ ಒಬ್ಬರಾದರು.

ಅವರ ಕೆಲಸದ ಬೆಲೆಯು ತಿಳಿಯಬೇಕಾದರೆ ಆ ಸೀಮೆಯಲ್ಲಿ ದೀನರ ಸ್ಥಿತಿಯು ಹೇಗಿತ್ತೆಂಬದನ್ನು ತಿಳಿಯಬೇಕು. 1800ನೆಯ ಇಸವಿಯಲ್ಲಿ ನಮ್ಮ ಮಾಗಡಿ, ಚನ್ನಪಟ್ಟಣಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮರುವರುಷ ತುಳು ಸೀಮೆಯಲ್ಲಿ ಸಂಚರಿಸಿ, ಅಲ್ಲಿ ಗದ್ದೆ ಕೆಲಸದ ಆಳುಗಳನ್ನು ದನಕರುಗಳಂತೆ ಕೊಳ್ಳುವ, ಮಾರುವ, ಅಡವಿಡುವ ವಾಡಿಕೆಯನ್ನು ಬರೆದಿಟ್ಟಿದ್ದಾರೆ. ಇಂಥ ದಾಸತ್ವಕ್ಕೆ ಕಾನೂನಿನ ಆಧಾರವಿಲ್ಲವೆಂದು 1843ನೆಯ ಕಾಯಿದೆಯು ಸಾರಿತು. ಆದರೆ ಕಾಯಿದೆಯ ಕಾಗದವು ಗದ್ದೆಯ ಕೆಸರಿಗೆ ಬೇಗನೆ ಇಳಿಯುವದಿಲ್ಲ. ಸಾಲ, ಮುಂಗಡ, ಗುಡಿಸಲಿನ ಜಾಗ ಇವುಗಳ ನೆವದಿಂದ ತಂದೆಯ ಜೀತವು ಮಗನಿಗೆ ಬರುತ್ತಲೇ ಇತ್ತು. ಈ ಜನರು ಭಾವಿಯನ್ನು ಮುಟ್ಟಬಾರದು, ಗುಡಿಯ ದಾರಿಯಲ್ಲಿ ನಡೆಯಬಾರದು, ಮೇಲ್ಜಾತಿಯವರ ಸಮೀಪಕ್ಕೆ ಬರಬಾರದು. ಎಲ್ಲರಿಗಿಂತ ಕೆಳಗೆ ತಳ್ಳಲ್ಪಟ್ಟವರು ಕೊರಗರು. ಅವರಿಗೆ ಅಜಲು ಎಂಬ ಹೀನವಾದ ಪದ್ಧತಿಯು ವಿಧಿಸಲ್ಪಟ್ಟಿತ್ತು. ಕೂದಲು ಉಗುರುಗಳನ್ನು ಬೆರಸಿದ ಅನ್ನವನ್ನು ತಿಂದು ಪರರ ಅನಿಷ್ಟವನ್ನು ತಮ್ಮ ಮೇಲೆ ಹೊತ್ತುಕೊಳ್ಳಬೇಕೆಂಬದು ಅದರ ಒಂದು ಅಂಶ. ಕರ್ನಾಟಕ ಸರಕಾರವು ಇದನ್ನು ಕಾಯಿದೆಯಿಂದ ನಿಷೇಧಿಸಿದ್ದು 2000ನೆಯ ಇಸವಿಯಲ್ಲಿ ಎಂಬದನ್ನು ನೋಡಿದರೆ, ಕೆಟ್ಟ ವಾಡಿಕೆಗಳ ಆಯುಸ್ಸು ಎಷ್ಟು ದೀರ್ಘವೆಂಬದು ವಾಚಕರಿಗೆ ಗೊತ್ತಾಗುವದು.

ಇಂಥ ಮನೆಗಳ ಮಕ್ಕಳಿಗೆ ಶಾಲೆಯೆಂಬದು ದೂರದ ಮಾತು. ಸರಕಾರದ ಶಾಲೆಗಳು ಎಲ್ಲರ ತೆರಿಗೆಯಿಂದ ನಡೆಯುತ್ತಿದ್ದರೂ, ಅಸ್ಪೃಶ್ಯರ ಮಗುವೊಂದು ಜಗುಲಿಯನ್ನು ಏರಿದರೆ ಬೇರೆ ಮಕ್ಕಳು ಇಳಿದುಹೋಗುತ್ತಿದ್ದರು. ಮಿಶನ್ ಶಾಲೆಗಳಲ್ಲಿ ಕೆಲವರಿಗೆ ಎಡೆ ಸಿಕ್ಕಿತು. ಉಳಿದವರು ಐದಾರು ವರುಷ ಪ್ರಾಯದಲ್ಲಿಯೇ ದನ ಕಾಯುವದಕ್ಕೂ ಗೊಬ್ಬರ ಹೊರುವದಕ್ಕೂ ಹೋಗುತ್ತಿದ್ದರು. ರಂಗರಾಯರು ಕೋರ್ಟಿನಲ್ಲಿ ಬಡವರ ಪರವಾಗಿ ನಿಂತು ನೋಡಿದಾಗ ಒಂದು ಸಂಗತಿಯು ಅವರ ಮನಸ್ಸಿಗೆ ನಾಟಿತು. ಓದಲು ಬಾರದವನ ಹೆಬ್ಬೆಟ್ಟನ್ನು ಯಾವ ಕಾಗದಕ್ಕಾದರೂ ಒತ್ತಿಸಬಹುದು; ಒಂದು ಮೊಕದ್ದಮೆಯನ್ನು ಗೆದ್ದುಕೊಟ್ಟರೂ ಮರುದಿನ ಇನ್ನೊಂದು ಕಾಗದದಿಂದ ಅವನು ಮತ್ತೆ ಸಿಕ್ಕಿಬೀಳುವನು. ಆದದರಿಂದ ನ್ಯಾಯವನ್ನು ದೊರಕಿಸುವದಕ್ಕೆ ಕೋರ್ಟಿಗಿಂತ ಮುಂಚೆ ಶಾಲೆಯು ಬೇಕು, ದೊಡ್ಡವರಿಗಿಂತ ಮುಂಚೆ ಮಕ್ಕಳನ್ನು ಕಾಯಬೇಕು ಎಂದು ಅವರು ನಿಶ್ಚಯಿಸಿದರು.

ಹೀಗೆ ನಿಶ್ಚಯಿಸಿ ಅವರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್, ಎಂದರೆ ತುಳಿಯಲ್ಪಟ್ಟ ವರ್ಗಗಳ ಸೇವೆಗೋಸ್ಕರವಾದ ಮಂಡಲಿಯನ್ನು ಸ್ಥಾಪಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಉದ್ದೇಶದ ದೊಡ್ಡ ಸಂಘವನ್ನು ಕಟ್ಟಿದ್ದು 1906ರಲ್ಲಿ. ಡಾಕ್ಟರ್ ಅಂಬೇಡ್ಕರರು ರಂಗರಾಯರ ಮಂಡಲಿಯು ಹುಟ್ಟಿದ ಕಾಲಕ್ಕೆ ಆರು ವರುಷದ ಬಾಲಕರು. ಇಷ್ಟು ಮುಂಚಿತವಾಗಿ, ಕರಾವಳಿಯ ಒಂದು ಪಟ್ಟಣದಲ್ಲಿ, ಒಬ್ಬ ವಕೀಲರು ತಮ್ಮ ದುಡಿಮೆಯ ಹಣವನ್ನು ಸುರಿದು ಈ ಕೆಲಸಕ್ಕೆ ಕೈಹಾಕಿದರು.

ಪ್ರಾರಂಭವು ಸುಲಭವಾಗಿರಲಿಲ್ಲ. ಶಾಲೆಗೆ ಮನೆ ಕೊಡುವವರು ಯಾರು? ಕಲಿಸುವದಕ್ಕೆ ಬರುವ ಉಪಾಧ್ಯಾಯರು ಯಾರು? ಇವೆರಡಕ್ಕಿಂತಲೂ ಕಷ್ಟವಾದ ಪ್ರಶ್ನೆ, ಮಕ್ಕಳನ್ನು ಕಳುಹಿಸುವ ತಾಯಿತಂದೆಗಳು ಯಾರು? ತಲತಲಾಂತರದಿಂದ ಪೆಟ್ಟು ತಿಂದವರು ಹೊಸ ಮಾತನ್ನು ನಂಬುವದಿಲ್ಲ. ಜನಿವಾರದ ಮನೆಯಿಂದ ಬಂದವರು ತಮ್ಮ ಕೇರಿಗೆ ಬಂದು ಮಕ್ಕಳನ್ನು ಕೇಳಿದರೆ, ಅದರಲ್ಲಿ ಏನು ಮೋಸವಿದೆಯೋ ಎಂದು ಅವರು ಅಂಜಿದರು. ಅಲ್ಲದೆ ಮಗುವಿನ ಕೂಲಿಯು ಸಣ್ಣದಾದರೂ ಮನೆಗೆ ಗಂಜಿಯ ಆಧಾರ. ಶಾಲೆಗೆ ಕಳುಹಿಸಿದರೆ ಆ ಗಂಜಿಯು ತಪ್ಪುವದು. ಒಡೆಯನ ಕೋಪವು ಬೇರೆ.

ರಂಗರಾಯರು ಈ ಜನರನ್ನು ಅಜ್ಞಾನಿಗಳೆಂದು ಬೈದು ಹಿಂತಿರುಗಲಿಲ್ಲ. ಅವರ ಅಂಜಿಕೆಗೆ ಕಾರಣವುಂಟೆಂದು ಒಪ್ಪಿಕೊಂಡರು. ಕೇರಿಯಿಂದ ಕೇರಿಗೆ ನಡೆದು, ಗುಡಿಸಲಿನ ಅಂಗಳದಲ್ಲಿ ಕೂತು, ಸಮಾಧಾನವಾಗಿ ಮಾತಾಡಿದರು. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದಲ್ಲಿ ಊಟವನ್ನು ಏರ್ಪಡಿಸಿದರು. ಕೂಲಿ ತಪ್ಪಿದ ಮನೆಗೆ ಒಂದಿಷ್ಟು ಕಾಸನ್ನು ಕೊಡಿಸಿದರು. ಹಸಿದ ಹೊಟ್ಟೆಗೆ ಅಕ್ಷರವು ಹಿಡಿಯುವದಿಲ್ಲವೆಂಬ ಸಾಮಾನ್ಯ ಸಂಗತಿಯನ್ನು ಅವರು ಆ ಕಾಲದಲ್ಲಿಯೇ ಅರಿತರು. ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟವು ಬಂದದ್ದು 2002ರಿಂದ ಈಚೆಗೆ. ಅದಕ್ಕೆ ಸುಮಾರು ನೂರು ವರುಷ ಮುಂಚೆ ಮಂಗಳೂರಿನ ಆ ಬಡ ಶಾಲೆಯಲ್ಲಿ ಅದೇ ಬುದ್ಧಿಯು ಕೆಲಸ ಮಾಡಿತ್ತು.

ಒಂದು ಶಾಲೆಯಿಂದ ಹಲವು ಶಾಲೆಗಳಾದವು. ಮಂಗಳೂರಿನ ಸುತ್ತಲಿನ ಕೇರಿಗಳಲ್ಲಿಯೂ ಉಡುಪಿಯ ಕಡೆಯಲ್ಲಿಯೂ ಮಂಡಲಿಯ ಶಾಲೆಗಳು ಹುಟ್ಟಿದವು. ಮಂಗಳೂರಿನ ಶೇಡಿಗುಡ್ಡೆಯು ಅದರ ಮುಖ್ಯ ಸ್ಥಳವಾಯಿತು. ದೂರದ ಹಳ್ಳಿಗಳ ಮಕ್ಕಳು ಉಳಿದುಕೊಳ್ಳುವದಕ್ಕೆ ವಿದ್ಯಾರ್ಥಿನಿಲಯಗಳಾದವು, ಹೆಣ್ಣುಮಕ್ಕಳನ್ನೂ ಬಿಡಲಿಲ್ಲ. ಅಕ್ಷರದೊಂದಿಗೆ ಕೈಕಸಬೂ ಬೇಕೆಂದು ನೇಯ್ಗೆ, ಮರಗೆಲಸ ಮೊದಲಾದವುಗಳನ್ನು ಕಲಿಸಿದರು. ಯಾಕಂದರೆ ಓದಿದ ಹುಡುಗನು ಹೊಟ್ಟೆಪಾಡಿಗೋಸ್ಕರ ಪುನಃ ಅದೇ ಒಡೆಯನ ಅಂಗಳಕ್ಕೆ ಹೋಗಿ ಕೈಕಟ್ಟಿ ನಿಂತರೆ ಓದಿನಿಂದ ಏನು ಬಂತು? ಗುಡಿಸಲಿನ ನೆಲವು ಒಡೆಯನದಾಗಿರುವ ತನಕ ಅವನು ಎಬ್ಬಿಸಿದ ದಿನ ಏಳಬೇಕಾಗುವದು ಎಂಬದನ್ನು ಸಹ ರಂಗರಾಯರು ಕಂಡರು. ಆದಕಾರಣ ನೆಲವನ್ನು ಸಂಪಾದಿಸಿ ನಿವೇಶನವಿಲ್ಲದ ಕುಟುಂಬಗಳಿಗೆ ಹಂಚಿ, ಮನೆಗಳನ್ನು ಕಟ್ಟಿಸುವ ಏರ್ಪಾಡನ್ನು ಮಾಡಿದರು. ಶಾಲೆ, ಊಟ, ಕಸಬು, ನೆಲ, ಮನೆ, ಹೀಗೆ ಒಂದರ ಹಿಂದೆ ಒಂದು ಬಂದದ್ದು ಯಾರೋ ಬರೆದ ಪುಸ್ತಕದ ಕ್ರಮದಿಂದಲ್ಲ. ಒಂದು ಮಗುವನ್ನು ಕಾಯಲು ಹೋದವರಿಗೆ ಅದರ ಮನೆಯ ಎಲ್ಲಾ ಬಾಧೆಗಳೂ ಒಂದೊಂದಾಗಿ ಎದುರಾದ ಕಾರಣದಿಂದಲೇ.

ಇದಕ್ಕೆ ಅವರು ತೆತ್ತ ಬೆಲೆಯೇನು? ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು. ಬಹಿಷ್ಕಾರವೆಂದರೆ ಏನೆಂದು ನಮ್ಮ ಹಳ್ಳಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ನಂಟರ ಮನೆಯ ಮದುವೆಗೆ ಕರೆಯಿಲ್ಲ, ತಮ್ಮ ಮನೆಯ ಶುಭಕ್ಕೂ ಅಶುಭಕ್ಕೂ ಬರುವವರಿಲ್ಲ, ಬೀದಿಯಲ್ಲಿ ನಡೆದರೆ ಹಾಸ್ಯದ ಮಾತು, ಹೊಲೆಯರ ಸಂಗಡ ಬೆರೆತವನೆಂಬ ನಿಂದೆ. ಗಂಡಸಾದವನು ಕೋರ್ಟಿಗೂ ಶಾಲೆಗೂ ಹೋಗಿ ಕೆಲಸದಲ್ಲಿ ದುಃಖವನ್ನು ಮರೆಯಬಹುದು. ಮನೆಯಲ್ಲಿರುವ ಹೆಂಡತಿಮಕ್ಕಳು ಈ ಹೊರೆಯನ್ನು ಹಗಲಿರುಳು ಹೊರಬೇಕು. ರಂಗರಾಯರ ಪತ್ನಿಯಾದ ರುಕ್ಮಿಣಿಯಮ್ಮನವರೂ ಆ ಹೊರೆಯನ್ನು ಹೊತ್ತವರು. ದೊಡ್ಡವರ ಚರಿತ್ರೆಗಳಲ್ಲಿ ಇಂಥ ತಾಯಂದಿರ ಹೆಸರು ಒಂದೇ ಗೆರೆಯಲ್ಲಿ ಮುಗಿಯುವದುಂಟು. ಆದರೆ ಅವರ ತಾಳ್ಮೆಯಿಲ್ಲದಿದ್ದರೆ ಆ ಚರಿತ್ರೆಗಳೇ ಇರುತ್ತಿರಲಿಲ್ಲ.

ತಾವು ಹೇಳಿದ್ದನ್ನು ರಾಯರು ಮನೆಯೊಳಗೂ ನಡಿಸಿದರು. ಮಗಳಾದ ರಾಧಾಬಾಯಿಯನ್ನು ಮಂಗಳೂರಿನಲ್ಲಿ ಓದಿಸಿ ಮದ್ರಾಸಿನ ಕಾಲೇಜಿಗೆ ಕಳುಹಿಸಿದರು; ಆಕೆಯು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗ ಮಾಡಿದಳು. 1912ರಲ್ಲಿ ಆಕೆಗೂ ತಮಿಳು ನಾಡಿನ ಕುಮಾರಮಂಗಲದ ಜಮೀನುದಾರರಾದ ಡಾಕ್ಟರ್ ಪಿ. ಸುಬ್ಬರಾಯನ್ ಅವರಿಗೂ ಮದುವೆಯಾಯಿತು. ಬೇರೆ ಬೇರೆ ಜಾತಿ, ಬೇರೆ ಬೇರೆ ಭಾಷೆ. ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಸುಬ್ಬರಾಯನ್ ಅವರು 1926ರಿಂದ 1930ರ ವರೆಗೆ ಮದ್ರಾಸು ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನಲ್ಲಿ ಕೂಡಿದ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಸ್ತ್ರೀಯರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಎಂಬ ದಿಲ್ಲಿಯ ಮೇಲ್ಸಭೆಗೆ ಚುನಾಯಿತರಾದ ಮೊದಲನೆಯ ಸ್ತ್ರೀ. ರಂಗರಾಯರ ಮೊಮ್ಮಕ್ಕಳಲ್ಲಿ ಪಿ. ಪಿ. ಕುಮಾರಮಂಗಲಂ ಅವರು ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮೋಹನ ಕುಮಾರಮಂಗಲಂ ಅವರು ಕೇಂದ್ರದ ಮಂತ್ರಿಯಾದರು. ಪಾರ್ವತಿ ಕೃಷ್ಣನ್ ಅವರು ಲೋಕಸಭೆಯಲ್ಲಿ ಕೂಲಿಕಾರರ ಪರವಾಗಿ ಮಾತಾಡಿದರು.

ಈ ಸಮಯದಲ್ಲಿ ಭೂಮಿಯ ಮತ್ತೊಂದು ಮಗ್ಗುಲಿನಲ್ಲಿ ಇದೇ ಬಗೆಯ ಕೆಲಸವು ನಡೆಯುತ್ತಿದ್ದ ಸಂಗತಿಯನ್ನು ವಾಚಕರಿಗೆ ತಿಳಿಸುವದು ಯೋಗ್ಯವೆಂದು ಭಾವಿಸುತ್ತೇವೆ. ಅಮೇರಿಕಾ ದೇಶದಲ್ಲಿ ಆಫ್ರಿಕದಿಂದ ಹಿಡಿದು ತಂದ ಕಪ್ಪು ವರ್ಣದ ಜನರು ಬಹುಕಾಲ ದಾಸರಾಗಿದ್ದರು. 1865ರಲ್ಲಿ ಕಾಯಿದೆಯಿಂದ ಅವರಿಗೆ ಬಿಡುಗಡೆಯಾಯಿತು. ಆದರೆ ಅಲ್ಲಿಯೂ ಕಾಗದದ ಬಿಡುಗಡೆಯು ಬೇರೆ, ಬಾಳಿನ ಬಿಡುಗಡೆಯು ಬೇರೆಯಾಗಿತ್ತು. ದಕ್ಷಿಣದ ರಾಜ್ಯಗಳಲ್ಲಿ ಅವರ ಮಕ್ಕಳಿಗೆ ಬೇರೆ ಶಾಲೆ, ಬೇರೆ ಬಂಡಿ, ಬೇರೆ ನೀರಿನ ನಲ್ಲಿ. ದಾಸಿಯ ಮಗನಾಗಿ 1856ರಲ್ಲಿ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ ಎಂಬವರು 1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಮುರುಕು ಕಟ್ಟಡದೊಳಗೆ ಶಾಲೆಯನ್ನು ತೆರೆದು, ವಿದ್ಯಾರ್ಥಿಗಳ ಕೈಯಿಂದಲೇ ಇಟ್ಟಿಗೆಗಳನ್ನು ಮಾಡಿಸಿ ದೊಡ್ಡ ವಿದ್ಯಾಸಂಸ್ಥೆಯನ್ನು ಕಟ್ಟಿದರು. ದಾಸರಾಗಿದ್ದ ತಾಯಿತಂದೆಗಳ ಮಗಳಾದ ಮೇರಿ ಮೆಕ್ಲಿಯೋಡ್ ಬೆಥೂನ್ ಎಂಬಾಕೆಯು 1904ರಲ್ಲಿ ಫ್ಲಾರಿಡಾದ ಡೇಟೋನಾ ಎಂಬ ಊರಿನಲ್ಲಿ ಒಂದೂವರೆ ಡಾಲರನ್ನು ಕೈಯಲ್ಲಿಟ್ಟುಕೊಂಡು ಐದು ಮಂದಿ ಹುಡುಗಿಯರಿಗೆ ಪಾಠವನ್ನು ಆರಂಭಿಸಿದಳು. ಹಲಗೆಯ ಪೆಟ್ಟಿಗೆಗಳೇ ಮೇಜು, ಸುಟ್ಟ ಕಟ್ಟಿಗೆಯ ಇದ್ದಲೇ ಸೀಸದ ಕಡ್ಡಿ. ಅಲ್ಲಿ ಮೈಯ ಬಣ್ಣವನ್ನು ನೋಡಿ ಬಾಗಿಲು ಮುಚ್ಚಿದರು. ಇಲ್ಲಿ ಹುಟ್ಟಿದ ಕೇರಿಯನ್ನು ಕೇಳಿ ಬಾಗಿಲು ಮುಚ್ಚಿದರು. ಮುಚ್ಚಿದ ಬಾಗಿಲಿನ ಹೊರಗೆ ನಿಂತ ಮಗುವಿನ ಕಣ್ಣೀರಿನಲ್ಲಿ ಭೇದವಿರಲಿಲ್ಲ.

ನಮ್ಮ ಕರ್ನಾಟಕದಲ್ಲಿಯೇ ಆಫ್ರಿಕದ ಮೂಲದವರು ಇದ್ದಾರೆಂಬದು ಎಲ್ಲರಿಗೂ ತಿಳಿದಿರಲಾರದು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಗಳ ಕಾಡುಗಳಲ್ಲಿ ವಾಸಿಸುವ ಸಿದ್ದಿಯರ ಹಿರಿಯರಲ್ಲಿ ಅನೇಕರು ಪೋರ್ತುಗೀಜರ ಕಾಲದಲ್ಲಿ ಗೋವೆಗೆ ದಾಸರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಘಟ್ಟವನ್ನು ಸೇರಿದವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ; ಅವರ ಮನೆಮಾತು ಕೊಂಕಣಿ, ಕನ್ನಡವನ್ನೂ ಬಲ್ಲರು. ವರ್ಣದ ತಿರಸ್ಕಾರವನ್ನೂ ಬಡತನದ ಬಾಧೆಯನ್ನೂ ಒಟ್ಟಿಗೆ ಅನುಭವಿಸಿದ ಈ ಜನರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಆದದರಿಂದ ವರ್ಣಭೇದವು ಸಮುದ್ರದ ಆಚೆಯ ದೋಷವೆಂದೂ ಜಾತಿಭೇದವು ಕರಾವಳಿಯ ದೋಷವೆಂದೂ ಹೇಳಿ ನಾವು ಕೈತೊಳೆದುಕೊಳ್ಳುವ ಹಾಗಿಲ್ಲ.

ರಂಗರಾಯರ ಚರಿತ್ರೆಗೆ ಹಿಂದಿರುಗೋಣ. ವರುಷಗಳು ಕಳೆದಂತೆ ಅವರ ಶಾಲೆಗಳಲ್ಲಿ ಓದಿದವರಲ್ಲಿ ಕೆಲವರು ಉಪಾಧ್ಯಾಯರಾದರು. ಯಾವ ಕೇರಿಯಲ್ಲಿ ಅಕ್ಷರವೇ ಇರಲಿಲ್ಲವೋ ಆ ಕೇರಿಯವನೇ ಕೈಯಲ್ಲಿ ಪುಸ್ತಕವನ್ನು ಹಿಡಿದು ತನ್ನ ಜನರ ಮಕ್ಕಳಿಗೆ ಕಲಿಸಿದನು. ಪುರಸಭೆಯಲ್ಲಿಯೂ ಜಿಲ್ಲಾ ಬೋರ್ಡಿನಲ್ಲಿಯೂ ಈ ಜನರ ಪರವಾಗಿ ಅವರಲ್ಲಿಯೇ ಒಬ್ಬನು ಕೂತು ಮಾತಾಡಬೇಕೆಂದು ರಾಯರು ಪ್ರಯತ್ನಿಸಿದರು. ಪರರು ತಮ್ಮ ಪರವಾಗಿ ಬೇಡುವದು ಒಂದು ಕಾಲಕ್ಕೆ ಬೇಕಾಗಬಹುದು. ತಮ್ಮ ಬಾಯಿಂದಲೇ ತಮ್ಮ ಹಕ್ಕನ್ನು ಕೇಳುವ ಕಾಲವು ಬರಬೇಕು, ಆಗಲೇ ಕೆಲಸವು ನೆಟ್ಟಗೆ ನಿಲ್ಲುವದು ಎಂಬದು ಅವರ ಅಭಿಪ್ರಾಯವಾಗಿತ್ತು. ತಾವು ಮಾಡಿದ್ದು ದಾನವಲ್ಲ, ತಮ್ಮ ಕುಲದವರು ಮಾಡಿದ ಅನ್ಯಾಯದ ಸಾಲವನ್ನು ತೀರಿಸುವದೇ ಎಂದು ಅವರು ಎಣಿಸುತ್ತಿದ್ದರು. ಕೊಡುವವನು ಹೀಗೆ ಎಣಿಸಿದರೆ ತೆಗೆದುಕೊಳ್ಳುವವನ ತಲೆಯು ತಗ್ಗುವದಿಲ್ಲ.

ಮುಪ್ಪು ಬಂದಾಗ ರಾಯರು ಮಂಡಲಿಯ ಆಡಳಿತವನ್ನು, ಗೋಪಾಲಕೃಷ್ಣ ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜದವರಿಗೆ ಒಪ್ಪಿಸಿದರು. ತಾವು ಕಟ್ಟಿದ್ದು ತಮ್ಮ ಮನೆಯ ಆಸ್ತಿಯಾಗಬಾರದೆಂಬದು ಅವರ ಮನಸ್ಸು. ಕಡೆಯ ದಿನಗಳಲ್ಲಿ ಸನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ಪಡೆದರು. 1928ನೆಯ ಇಸವಿ ಜನವರಿ 30ರಲ್ಲಿ ಅವರು ದೇಹವನ್ನು ಬಿಟ್ಟರು. ತಮ್ಮ ಶವವನ್ನು ಊರಿನ ಕಸವನ್ನು ತೆಗೆಯುವ ಜನರೇ ಹೊರಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದರು. ಜೀವಮಾನವೆಲ್ಲಾ ಯಾರನ್ನು ಮುಟ್ಟಿದ್ದಕ್ಕೆ ಅವರು ಹೊರಗೆ ಹಾಕಲ್ಪಟ್ಟರೋ, ಅವರ ಹೆಗಲಿನ ಮೇಲೆಯೇ ಕಡೆಯ ಪ್ರಯಾಣವನ್ನು ಮಾಡಬೇಕೆಂಬದು ಅವರ ಇಚ್ಛೆಯಾಗಿತ್ತು. ಮಂಗಳೂರಿನ ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ.

ಅವರಿಗೆ ಒಂದು ಆಸೆಯಿತ್ತು. ಅದನ್ನು ಮಂಗಳೂರಿನವರು ಇಂದಿಗೂ ಮರೆತಿಲ್ಲ. ತಮ್ಮ ಶಾಲೆಯಲ್ಲಿ ಕಲಿತ ಹುಡುಗನೊಬ್ಬನು ದೊಡ್ಡ ಉದ್ಯೋಗಕ್ಕೆ ಸೇರಿ, ಊರಿನ ಬೀದಿಯಲ್ಲಿ ಮೋಟಾರು ಗಾಡಿಯೊಳಗೆ ಹೋಗಬೇಕು. ಆ ಗಾಡಿಯ ಚಕ್ರದಿಂದ ಎದ್ದ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು. ಹಾಗಾದರೆ ತಮ್ಮ ಜನ್ಮವು ಸಾರ್ಥಕವಾಗುವದು ಎಂಬದೇ ಆ ಆಸೆಯ ತಾತ್ಪರ್ಯ. ಬೀದಿಯಲ್ಲಿ ನಡೆಯಬಾರದೆಂದು ತಡೆಯಲ್ಪಟ್ಟವನ ಮಗನು ಅದೇ ಬೀದಿಯಲ್ಲಿ ಗಾಡಿಯಲ್ಲಿ ಹೋಗುವದನ್ನು ಕಾಣಬೇಕೆಂಬ ಈ ಆಸೆಯಲ್ಲಿ ಅವರ ಜೀವಮಾನದ ಕೆಲಸವೆಲ್ಲಾ ಅಡಗಿದೆ. ಗಾಂಧೀಜಿಯವರು 1934ರ ಫೆಬ್ರವರಿಯಲ್ಲಿ ಹರಿಜನ ಸೇವೆಯ ಸಂಚಾರದಲ್ಲಿ ಮಂಗಳೂರಿಗೆ ಬಂದಾಗ ರಂಗರಾಯರ ಕೆಲಸವನ್ನು ಬಹಳವಾಗಿ ಮೆಚ್ಚಿ ಮಾತಾಡಿದರು. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ.

ಇಷ್ಟನ್ನು ಓದಿದ ಮೇಲೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳ ಸಭೆಗಳವರು, ಇದು ಸಮುದ್ರ ತೀರದ ಹಳೆಯ ಕಥೆ, ನಮಗೇನು ಎಂದು ಪತ್ರಿಕೆಯನ್ನು ಮಡಿಸಿ ಇಡಬಾರದೆಂದು ಬೇಡುತ್ತೇವೆ. ನಮ್ಮ ಸೀಮೆಯು ರಾಗಿಗೂ ರೇಷ್ಮೆಗೂ ಬೊಂಬೆಗಳಿಗೂ ಹೆಸರಾದದ್ದು. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಾಣದವರು ನಮ್ಮಲ್ಲಿ ಸ್ವಲ್ಪ. ಆದರೆ ಆ ರೇಷ್ಮೆಯ ಹೊಳಪಿನ ಹಿಂದೆ ಒಂದು ಕತ್ತಲೆಯಿತ್ತು. ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಾಮನಗರವೇ ಮೊದಲಾದ ಕರ್ನಾಟಕದ ರೇಷ್ಮೆಯ ಊರುಗಳಲ್ಲಿ ಎಳೆಯ ಮಕ್ಕಳು ಮುಂಗಡ ಸಾಲಕ್ಕೆ ಪ್ರತಿಯಾಗಿ ದುಡಿಯುತ್ತಿದ್ದ ಸಂಗತಿಯನ್ನು ವಿವರಿಸಿದ್ದಾರೆ. ಗೂಡನ್ನು ಬೇಯಿಸುವ ಸುಡುನೀರಿನಲ್ಲಿ ಕೈಯದ್ದಿ ನೂಲಿನ ತುದಿಯನ್ನು ಹುಡುಕುವದು, ಗಾಳಿಯಾಡದ ಕೋಣೆಯಲ್ಲಿ ನೂಲಿಗೆ ಹುರಿ ಹಾಕುವ ಯಂತ್ರಗಳ ಎದುರು ದಿನವೆಲ್ಲಾ ನಿಂತಿರುವದು, ಇದೇ ಆ ಮಕ್ಕಳ ಪಾಠಶಾಲೆಯಾಗಿತ್ತು. ಅವರಲ್ಲಿ ಬಹುಮಂದಿ ದಲಿತರ ಮತ್ತು ಬಡ ಮುಸಲ್ಮಾನರ ಮಕ್ಕಳು. ಜೀತವನ್ನು ರದ್ದು ಮಾಡಿದ ಕಾಯಿದೆಯು 1976ರದು. ಮಕ್ಕಳ ದುಡಿಮೆಯನ್ನು ಕುರಿತ ಕಾಯಿದೆಯು 1986ರದು. ಅವೆರಡೂ ಜಾರಿಯಲ್ಲಿರುವಾಗಲೇ ಇದು ನಡೆಯಿತು. 1843ರ ಕಾಯಿದೆಯ ತರುವಾಯವೂ ತುಳು ಸೀಮೆಯ ಗದ್ದೆಗಳಲ್ಲಿ ಜೀತವು ಹೇಗೆ ಉಳಿದಿತ್ತೋ ಹಾಗೆಯೇ ಇಲ್ಲಿಯೂ ಉಳಿದಿತ್ತು. ಅಲ್ಲಿಯೂ ಮುಂಗಡವೇ ಸಂಕೋಲೆ, ಇಲ್ಲಿಯೂ ಮುಂಗಡವೇ ಸಂಕೋಲೆ.

ಈಗ ಕಾಯಿದೆಗಳು ಮತ್ತಷ್ಟು ಬಲವಾಗಿವೆ. ಆರರಿಂದ ಹದಿನಾಲ್ಕು ವರುಷದ ವರೆಗಿನ ಪ್ರತಿ ಮಗುವಿಗೂ ಉಚಿತವಾದ ವಿದ್ಯೆಯು ಹಕ್ಕೆಂದು 2009ರ ಕಾಯಿದೆಯು ಹೇಳುವದು. ಅದು 2010ರ ಏಪ್ರಿಲ್ ಮೊದಲನೆಯ ತಾರೀಖಿನಿಂದ ಜಾರಿಗೆ ಬಂತು. 2016ರ ತಿದ್ದುಪಡಿಯ ತರುವಾಯ, ಶಾಲೆಯ ವೇಳೆಯ ಹೊರಗೆ ಸ್ವಂತ ಮನೆಯವರಿಗೆ ಕೈನೆರವಾಗುವದೇ ಮೊದಲಾದ ಕೆಲವು ಸಂದರ್ಭಗಳ ಹೊರತು, ಹದಿನಾಲ್ಕು ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವದು ಅಪರಾಧವಾಗಿದೆ. ಅಸ್ಪೃಶ್ಯತೆಯು ನಮ್ಮ ಸಂವಿಧಾನದ ಹದಿನೇಳನೆಯ ವಿಧಿಯಿಂದ 1950ರಲ್ಲಿಯೇ ನಿಷೇಧಿಸಲ್ಪಟ್ಟಿತು. ರಂಗರಾಯರಿಗೆ ಇವುಗಳಲ್ಲಿ ಒಂದು ಕಾಯಿದೆಯ ಆಸರೆಯೂ ಇರಲಿಲ್ಲ. ಆಸರೆಯಿಲ್ಲದೆ ಅವರು ಅಷ್ಟನ್ನು ಮಾಡಿದರು. ಆಸರೆಯಿರುವ ನಾವು ಏನು ಮಾಡುತ್ತೇವೆಂಬದೇ ಈಗಿನ ಪ್ರಶ್ನೆ.

ನಮ್ಮ ಸಭೆಗಳಲ್ಲಿ ಅನೇಕರ ಅಜ್ಜಮುತ್ತಜ್ಜಂದಿರು ಊರಹೊರಗಿನ ಕೇರಿಗಳಿಂದಲೇ ಬಂದವರು. ಭಾವಿಯ ಕಟ್ಟೆಯಿಂದ ದೂರ ನಿಂತು ನೀರಿಗೋಸ್ಕರ ಕಾದವರ ಸಂತಾನವು ನಾವು. ನಮ್ಮ ಅಜ್ಜಂದಿರಿಗೆ ಯಾರೋ ಒಬ್ಬರು ಅಕ್ಷರವನ್ನು ಕಲಿಸಿದ್ದರಿಂದಲೇ ಈ ಪತ್ರಿಕೆಯನ್ನು ಇಂದು ನಾವು ಓದುತ್ತೇವೆ. ಹೀಗಿರಲಾಗಿ, ನಮ್ಮಲ್ಲಿ ಸ್ವಲ್ಪ ಮೇಲಕ್ಕೆ ಬಂದವರು ಇನ್ನೂ ಕೆಳಗಿರುವವರನ್ನು ಹಳೆಯ ಒಡೆಯರ ಕಣ್ಣಿನಿಂದಲೇ ನೋಡಿದರೆ, ದೇವಾಲಯದ ಚಾಪೆಯಲ್ಲಿಯೂ ಮದುವೆಯ ಮಾತಿನಲ್ಲಿಯೂ ಸ್ಮಶಾನದ ಮೂಲೆಯಲ್ಲಿಯೂ ಹಳೆಯ ಕೇರಿಗಳ ಗಡಿಯನ್ನು ಉಳಿಸಿಕೊಂಡರೆ, ರಂಗರಾಯರು ತಮ್ಮ ಮನೆಯಲ್ಲಿ ಅಳಿಸಿಹಾಕಿದ ಗೆರೆಯನ್ನು ನಾವು ನಮ್ಮ ಸಭೆಯಲ್ಲಿ ಎಳೆದಂತಾಗುವದು.

ಆದದರಿಂದ ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ದೊಡ್ಡ ದೊಡ್ಡ ಮಾತುಗಳನ್ನಲ್ಲ, ಕೆಲವು ಸಣ್ಣ ಕೆಲಸಗಳನ್ನು. ನಿಮ್ಮ ಕೇರಿಯಲ್ಲಿ ಶಾಲೆಗೆ ಹೋಗದ ಮಗು ಯಾವದೆಂದು ಲೆಕ್ಕ ತೆಗೆದುಕೊಳ್ಳಿರಿ. ಅದು ಯಾವ ಜಾತಿಯದು, ಯಾವ ಮತದ್ದು ಎಂದು ಕೇಳಬೇಡಿರಿ. ಅದರ ತಾಯಿತಂದೆಗಳನ್ನು ಬೈಯುವದಕ್ಕೆ ಮುಂಚೆ ಅವರ ಮನೆಯಲ್ಲಿ ಕೂತು, ಯಾವ ಸಾಲವು ಆ ಮಗುವನ್ನು ಕೆಲಸಕ್ಕೆ ಎಳೆದಿದೆಯೆಂದು ವಿಚಾರಿಸಿರಿ. ಮುಂಗಡ ಹಣಕ್ಕೆ ಮಗುವನ್ನು ಒಪ್ಪಿಸುವದಕ್ಕಿಂತ, ನಾಲ್ಕು ಮನೆಗಳವರು ಕೂಡಿ ಆ ಸಾಲವನ್ನು ತೀರಿಸುವ ದಾರಿಯನ್ನು ಹುಡುಕುವದು ಒಳ್ಳೇದು. ಎಲ್ಲಿಯಾದರೂ ಮಗುವು ಜೀತದಲ್ಲಿರುವದನ್ನು ಕಂಡರೆ, ಅಂಜದೆ ತಹಶೀಲ್ದಾರರಿಗಾಗಲಿ ಮಕ್ಕಳ ಸಹಾಯವಾಣಿಯಾದ 1098ಕ್ಕಾಗಲಿ ತಿಳಿಸಿರಿ. ಬಿಸಿಯೂಟದ ಸಾಲಿನಲ್ಲಿ ಯಾವ ಮಗುವಾದರೂ ಬೇರೆಯಾಗಿ ಕೂರಿಸಲ್ಪಟ್ಟಿದ್ದರೆ, ಶಾಲೆಗೆ ಹೋಗಿ ಮರ್ಯಾದೆಯಿಂದ ಕೇಳಿರಿ. ಉತ್ತರ ಬರುವ ತನಕ ಕೇಳಿರಿ.

ಮಂಗಳೂರಿನ ಆ ವಕೀಲರ ಬಳಿಯಲ್ಲಿ ಸೈನ್ಯವಿರಲಿಲ್ಲ, ರಾಜ್ಯವಿರಲಿಲ್ಲ. ಅವರ ಬಳಿಯಲ್ಲಿ ಇದ್ದದ್ದು ದುಡಿದ ಹಣ, ಕಲಿತ ವಿದ್ಯೆ, ಮತ್ತು ಜನರು ಏನು ಹೇಳುವರೋ ಎಂಬ ಅಂಜಿಕೆಯನ್ನು ಬಿಟ್ಟ ಮನಸ್ಸು. ಹಣವೂ ವಿದ್ಯೆಯೂ ನಮ್ಮಲ್ಲಿ ಎಲ್ಲರಿಗೂ ಸಮನಾಗಿರಲಾರವು. ಆ ಅಂಜಿಕೆಯನ್ನು ಬಿಡುವದು ಮಾತ್ರ ಬಡವನಿಗೂ ಸಾಧ್ಯ. ನಮ್ಮ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ನಾಳೆ ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವಾಗ, ಸುಡುನೀರಿನ ಬಾನಿಯ ಎದುರಿಗೆ ಒಂದು ಮಗುವೂ ಇರದಂತೆ ನೋಡಿಕೊಳ್ಳುವ ಭಾರವು ಈ ಸಾಲುಗಳನ್ನು ಓದಿದವರ ಮೇಲಿದೆ.